ವ್ಯಾನಿನೊಳಗೆ ಕೂತವರಿಗೆ

ಹೋದ ತಿಂಗಳು ಬಳ್ಳಾರಿಯಿಂದ ರಾಯದುರ್ಗಕ್ಕೆ ಬರುವ ಬಸ್ಸಿನಲ್ಲಿ ಯಾರೋ ಒಬ್ಬರು ನನ್ನ ಕಾಲ ಬಳಿ ಜೀನ್ಸ್ ಬಟ್ಟೆಯ ದೊಡ್ಡ ಗಂಟೊಂದನ್ನು ಇಟ್ಟರು. ಇನ್ನೂ ನೀರು ಕಾಣದ, ಗಂಜಿಯಿಂದ ಬಿರುಸಾಗಿದ್ದ ಹೊಸ ಬಟ್ಟೆ. ಬಿಸಿಲಿಗೆ ಕಾದ ಬಸ್ಸಿನಲ್ಲಿ ಅದರ ವಾಸನೆ ಮೆಲ್ಲಗೆ ಎದ್ದಿತು... ಗಂಜಿಯದು, ನೀಲಿ ಬಣ್ಣದ್ದು, ಮೂಗಿನ ಒಳಗೆ ಅಂಟಿಕೊಳ್ಳುವಂಥದು. ಕಿಟಕಿ ತೆಗೆದೆ. ವಾಸನೆ ಹೋಗಲಿಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆ ನಮ್ಮ ಪಕ್ಕದ ಮನೆಯವರು ಸಂಜೆ ಕೆಲಸದಿಂದ ಬಂದು ಜಗಲಿಯ ಮೇಲೆ ಕೂತರೆ ಇದೇ ವಾಸನೆ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು. ಅವರು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ನಮ್ಮ ಬೀದಿಗೆಲ್ಲ ಮಾಸ್ಟ್ರು.

ಮಾಸ್ಟ್ರು ಮಡಕಶಿರಾ ಕಡೆಯವರು. ಊರಿನಲ್ಲಿ ಅಣ್ಣತಮ್ಮಂದಿರು ಕಡಲೆಕಾಯಿ, ಹಿಪ್ಪುನೇರಳೆ ಎಂದು ಹೊಲದಲ್ಲಿ ಉಳಿದರು; ಇವರು ಕತ್ತರಿ ಹಿಡಿದು, ಹೆಂಡತಿಯನ್ನು ಕರೆದುಕೊಂಡು ರಾಯದುರ್ಗಕ್ಕೆ ಬಂದರು. ಆಗ ಆಂಧ್ರದ ಅಂಚಿನ ನಮ್ಮೂರಿನಲ್ಲಿ ಯಾವ ಸಂದಿಗೆ ಹೋದರೂ ಮಿಷನ್ನಿನ ಸದ್ದು. ಬೆಳಿಗ್ಗೆ ಬಸ್ಸುಗಳು ಸುತ್ತಲ ಹಳ್ಳಿಯ ಹೆಂಗಸರನ್ನು ತಂದು ಸುರಿಯುತ್ತಿದ್ದವು, ಸಂಜೆ ತುಂಬಿಕೊಂಡು ಹೋಗುತ್ತಿದ್ದವು. ಮಾಸ್ಟ್ರು ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದು ಕತ್ತರಿಸಿದರೆ ಅಷ್ಟೂ ಪ್ಯಾಂಟಿನ ಕಾಲುಗಳು ಒಂದೇ ಅಳತೆಗೆ ಬರುತ್ತಿದ್ದವು. ಅವರ ಉಗುರುಗಳ ಅಂಚು ಯಾವಾಗಲೂ ನೀಲಿ. ಎಷ್ಟು ಉಜ್ಜಿದರೂ ಹೋಗದು.

ನಾನು ಇಂಟರ್, ಅಂದರೆ ಪಿಯುಸಿ, ಪಾಸಾಗಿದ್ದೆ. ನಮ್ಮ ಓಣಿಯಲ್ಲಿ ಮಿಷನ್ ಮೇಲೆ ಕೂರದೆ ಕುರ್ಚಿಯ ಮೇಲೆ ಕೂತ ಮೊದಲ ಹುಡುಗಿ. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಇನ್ಶೂರೆನ್ಸ್ ಏಜೆಂಟರ ಒಂದು ಕೋಣೆಯ ಆಫೀಸಿನಲ್ಲಿ ಫಾರಂ ತುಂಬುವುದು, ಟೈಪ್ ಮಾಡುವುದು ನನ್ನ ಕೆಲಸ. ಮಾಸ್ಟ್ರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನ್ ಆಫೀಸರಮ್ಮ, ಊಟ ಆಯ್ತಾ?" ಎನ್ನುತ್ತಿದ್ದರು. ತಮಾಷೆಗೆ ಎಂದುಕೊಂಡರೂ ಆ ಮಾತಿನಲ್ಲಿ ನಿಜವಾದ ಮರ್ಯಾದೆ ಇತ್ತು. ಊರಿಂದ ಬಂದ ಕಾಗದ, ಕರೆಂಟ್ ಬಿಲ್ಲು, ಮಾತ್ರೆಯ ಚೀಟಿ, ಏನೇ ಇರಲಿ ನನ್ನ ಹತ್ತಿರ ತರುವರು. ನಾನು ಓದಿ ಹೇಳಿದೆನೆಂದರೆ ಮುಗಿಯಿತು, ಇನ್ನೊಬ್ಬರನ್ನು ಕೇಳುತ್ತಿರಲಿಲ್ಲ. ನನಗದು ಬಹಳ ಹಿತವಾಗಿತ್ತು... ಎಷ್ಟು ಹಿತವೆಂದರೆ, ಗೊತ್ತಿಲ್ಲ ಎಂಬ ಮಾತನ್ನು ಅವರ ಮುಂದೆ ನಾನು ಒಮ್ಮೆಯೂ ಆಡಿರಲಿಲ್ಲ.

ಡಿ. ಹಿರೇಹಾಳಿನ ಕಡೆಯ ಹಳ್ಳಿಗಳಿಂದ ಅವರ ಯೂನಿಟ್ಟಿಗೆ ಆರು ಜನ ಹೆಣ್ಣುಮಕ್ಕಳು ಬರುತ್ತಿದ್ದರು. ಅವರಲ್ಲಿ ಒಬ್ಬಳು ನನ್ನ ಚಿಕ್ಕಪ್ಪನ ಮಗಳು ಸುಂಕಮ್ಮ. ಬೆಳಗಿನ ಬಸ್ಸು ತುಂಬಿ ಬಂದರೆ ನಿಲ್ಲಿಸುತ್ತಿರಲಿಲ್ಲ. ತಡವಾಗಿ ಬಂದವರಿಗೆ ಅರ್ಧ ದಿನದ ಕೂಲಿ ಇಲ್ಲ. ಅದನ್ನು ನೋಡಲಾರದೆ ಮಾಸ್ಟ್ರು ಒಂದು ಹಳೆಯ ವ್ಯಾನ್ ಕೊಂಡರು. ಪೆಟ್ರೋಲು ಯೂನಿಟ್ಟಿನ ಮಾಲೀಕರದು, ಓಡಿಸುವುದು ಮಾಸ್ಟ್ರದು. ಹುಡುಗಿಯರ ಹತ್ತಿರ ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೇ ಹೊರಟು ಅವರನ್ನು ಕರೆತರುವರು, ಸಂಜೆ ಮನೆ ಬಾಗಿಲಿಗೆ ಬಿಟ್ಟು ಬರುವರು. "ನಂಗೇನ್ ಕಷ್ಟ ಆಫೀಸರಮ್ಮ, ತಣ್ಣಗೆ ಗಾಳಿ ತಗೊಂಡು ಬರ್ತೀನಿ" ಎನ್ನುತ್ತಿದ್ದರು.

ಆ ವ್ಯಾನಿನ ಇನ್ಶೂರೆನ್ಸ್ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮಾಸ್ಟ್ರು ಆಫೀಸಿಗೆ ಬಂದರು. ಏಜೆಂಟರು ಅನಂತಪುರಕ್ಕೆ ಹೋಗಿದ್ದರು. ನಾನೊಬ್ಬಳೇ ಇದ್ದೆ.

"ಗಡಿ ಹತ್ರ ಚೆಕ್‌ಪೋಸ್ಟಿನಾಗೆ ಹಿಡೀತಾರಂತೆ. ಏನ್ ಮಾಡಿಸ್ಬೇಕು ಹೇಳಮ್ಮ."

ನನಗೆ ಆಗ ತಿಳಿದಿದ್ದು ಇಷ್ಟೇ: ಥರ್ಡ್ ಪಾರ್ಟಿ ಎಂಬುದು ಒಂದಿದೆ, ರಸ್ತೆಗೆ ಇಳಿಯುವ ಪ್ರತಿ ಗಾಡಿಗೂ ಕಾಯಿದೆ ಪ್ರಕಾರ ಅದು ಇರಲೇಬೇಕು. ಫುಲ್ ಇನ್ಶೂರೆನ್ಸ್ ಎಂಬುದು ಇನ್ನೊಂದು, ಗಾಡಿ ಜಖಂ ಆದರೆ, ಕಳುವಾದರೆ ಅದರಿಂದ ದುಡ್ಡು ಬರುತ್ತದೆ, ಬೇಕಾದವರು ಮಾಡಿಸಬಹುದು. ಹಳೆಯ ಗಾಡಿ ತಂದವರಿಗೆಲ್ಲ ಏಜೆಂಟರು ಹೇಳುತ್ತಿದ್ದ ಮಾತನ್ನೇ ನಾನೂ ಹೇಳಿದೆ.

"ಹಳೇ ಗಾಡಿಗೆ ಫುಲ್ ಯಾಕ್ರಿ ಮಾಸ್ಟ್ರ? ಪೊಲೀಸರು ಕೇಳೋದು ಥರ್ಡ್ ಪಾರ್ಟಿ ಅಷ್ಟ. ಅದನ್ನ ಮಾಡಿಸ್ರಿ, ಸಾಕು."

"ಗಾಡಿ ಹಾಳಾಗ್ಲಿ ಬಿಡು" ಎಂದರು. ಆಮೇಲೆ ಮೇಜಿನ ಮೇಲೆ ಬಗ್ಗಿ, ಫಾರಂ ಮೇಲೆ ನೀಲಿ ಉಗುರನ್ನು ಇಟ್ಟು ಕೇಳಿದರು. "ಒಳಗೆ ಕೂತಿರ್ತಾರಲ್ಲ ಹೆಣ್ಮಕ್ಳು, ಅವ್ರಿಗೆ ಏನಾನ ಆದ್ರೆ? ಇದ್ರಾಗೆ ಬತ್ತದಾ? ಬೇರೆ ಕಟ್ಬೇಕಂದ್ರೆ ಕಟ್ತೀನಿ ಕಣಮ್ಮ. ಸರ್ಯಾಗಿ ನೋಡಿ ಹೇಳು."

ಫಾರಂನ ಕೊನೆಯಲ್ಲಿ ಇಂಗ್ಲಿಷಿನ ಎರಡು ಸಾಲು ಇತ್ತು. ಪ್ಯಾಸೆಂಜರ್ ಎಂಬ ಪದ ಓದಿದೆ, ಉಳಿದದ್ದು ಅರ್ಥವಾಗಲಿಲ್ಲ. ಪಕ್ಕದಲ್ಲಿ ಎಷ್ಟು ಜನ ಎಂದು ಬರೆಯುವ ಒಂದು ಸಣ್ಣ ಚೌಕ. ಹತ್ತನೇ ಕ್ಲಾಸಿನವರೆಗೆ ಕನ್ನಡ, ಆಮೇಲೆ ತೆಲುಗು, ಹೀಗೆ ಓದಿದವಳಿಗೆ ಆ ಇಂಗ್ಲಿಷು ಹತ್ತುತ್ತಿರಲಿಲ್ಲ. ನಾಳೆ ಬರ್ರಿ, ಸಾರನ್ನ ಕೇಳಿ ಹೇಳ್ತೀನಿ ಎಂದರೆ ಆಗುತ್ತಿತ್ತು. ಮಾಸ್ಟ್ರು ಖಂಡಿತ ಬರುತ್ತಿದ್ದರು. ಆದರೆ ಅವರು ನಿಂತ ರೀತಿ... ದೊಡ್ಡ ಡಾಕ್ಟರ ಮುಂದೆ ನಿಂತ ಹಾಗೆ, ಕೈ ಕಟ್ಟಿಕೊಂಡು, ನನ್ನ ಬಾಯಿಂದ ಏನು ಬರುತ್ತದೆಂದು ನೋಡುತ್ತ. ನನಗೆ ಸಣ್ಣವಳಾಗುವುದು ಬೇಡವಾಗಿತ್ತು.

"ಬರ್ತದ್ರಿ ಮಾಸ್ಟ್ರ. ಥರ್ಡ್ ಪಾರ್ಟಿ ಅಂದ್ರ ಬ್ಯಾರೆ ಮಂದಿಗೇ ಅಲ್ಲೇನ್ರಿ ಇರೋದು? ಒಳಗ ಕುಂತೋರೂ ಮಂದೀನ ಅಲ್ಲ?"

ಹಾಗೆಂದು ಆ ಚೌಕದಲ್ಲಿ ಅಡ್ಡ ಗೀಟು ಎಳೆದೆ. ಸ್ಕೇಲ್ ಇಟ್ಟು, ನೇರವಾಗಿ.

"ಹಂಗಾದ್ರೆ ಧೈರ್ಯ ಬಂತು" ಎಂದು ಮಾಸ್ಟ್ರು ಕನ್ನಡದಲ್ಲಿ ಸಹಿ ಮಾಡಿದರು.

ಆರೇಳು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಹುಡುಗಿಯರನ್ನು ಕರೆತರುವಾಗ ಎದುರು ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ತಿರುವಿನಲ್ಲಿ ಕುರಿಹಿಂಡು ರಸ್ತೆಗೆ ನುಗ್ಗಿತು. ಕುರಿ ಕಾಯುವವನನ್ನು ಉಳಿಸಲು ಮಾಸ್ಟ್ರು ವ್ಯಾನನ್ನು ಪಕ್ಕಕ್ಕೆ ಎಳೆದರು, ಅದು ತಗ್ಗಿಗೆ ಇಳಿದು ಮಗುಚಿತು. ಐದು ಜನ ತರಚು ಗಾಯದಲ್ಲಿ ಎದ್ದರು. ಸುಂಕಮ್ಮನ ಬಲಗಾಲು ಬಾಗಿಲ ಕೆಳಗೆ ಸಿಕ್ಕಿಕೊಂಡಿತ್ತು. ಮಾಸ್ಟ್ರು ತಮ್ಮ ಹಣೆಯಿಂದ ರಕ್ತ ಸುರಿಯುತ್ತಿದ್ದರೂ ಭುಜ ಕೊಟ್ಟು ಆ ವ್ಯಾನನ್ನು ಎತ್ತಿದರಂತೆ. ಬಳ್ಳಾರಿಯ ಆಸ್ಪತ್ರೆಯಲ್ಲಿ ಕಾಲು ಉಳಿಯಿತು, ಆದರೆ ಮೊಣಕಾಲು ಮತ್ತೆ ಬಾಗಲಿಲ್ಲ. ಕೋಲಿನ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಆ ಕಾಲು ಹೊಲಿಗೆ ಮಿಷನ್ನಿನ ಕೆಳಗೆ ತೂರುತ್ತಿರಲಿಲ್ಲ, ಪೆಡಲ್ ತುಳಿಯುತ್ತಿರಲಿಲ್ಲ. ಅವಳಿಗೆ ಆಗ ಹತ್ತೊಂಬತ್ತು.

"ಹೆದರ್ಬೇಡ ಕಣಮ್ಮ, ಇನ್ಶೂರೆನ್ಸ್ ಐತೆ. ಆಫೀಸರಮ್ಮನೇ ಮಾಡಿಸವ್ಳೆ" ಎಂದು ಮಾಸ್ಟ್ರು ಆಸ್ಪತ್ರೆಯಲ್ಲಿ ಚಿಕ್ಕಮ್ಮನಿಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ನಾನೂ ಹೌದು ಎಂದು ತಲೆ ಆಡಿಸಿದ್ದೆ.

ಕಂಪನಿಯ ಉತ್ತರ ಬಂದದ್ದು ಎಷ್ಟೋ ದಿನಗಳ ಮೇಲೆ. ಏಜೆಂಟರು ಓದಿದರು, ಹಳೆಯ ಫಾರಂ ತೆಗೆಸಿದರು, ನೋಡಿದರು, ಬಾಗಿಲು ಮುಂದೆ ಮಾಡಿ ನನ್ನನ್ನು ಕರೆದರು.

"ಥರ್ಡ್ ಪಾರ್ಟಿ ಅಂದ್ರ ಗಾಡಿ ಹೊರಗ ಇರೋರಮ್ಮ. ಆ ಕುರಿ ಕಾಯೋನಿಗೆ ಬಡಿದಿದ್ರ ಅವನಿಗೆ ಬರ್ತಿತ್ತು. ಹಿಂಥಾ ಸ್ವಂತ ಗಾಡ್ಯಾಗ ಒಳಗ ಕುಂತೋರಿಗೆ ಬ್ಯಾರೆ ಕಟ್ಟಬೇಕು, ಎಷ್ಟು ಮಂದಿ ಅಂತ ಬರೀಬೇಕು. ಭಾಳ ಆಗ್ತಿರ್ಲಿಲ್ಲ ಅದು. ಈ ಗೀಟು ಎಳದೋರು ಯಾರು?"

"ನಾನ್ರಿ ಸಾರ್."

ಅವರು ಫಾರಂ ಮಡಚಿ ಫೈಲಿನೊಳಗೆ ಸೇರಿಸಿದರು. ಆಮೇಲೆ ಹೇಳಿದರು. "ಯಾರ ಮುಂದೂ ಅನ್ನಬ್ಯಾಡ. ಅವನೇ ಬ್ಯಾಡ ಅಂದ ಅಂತ ಇರ್ಲಿ. ಸಹಿ ಅವನದ ಐತಿ. ನಿನ್ನ ನೌಕರಿನೂ ಉಳೀತದ, ನನ್ನ ಆಫೀಸೂ ಉಳೀತದ."

ಎರಡು ದಿನ ಬಿಟ್ಟು ಚಿಕ್ಕಪ್ಪ ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಆಫೀಸಿಗೆ ಬಂದ. ಮಾಸ್ಟ್ರನ್ನೂ ಕರೆಸಿದ್ದರು. ಏಜೆಂಟರು ಕಾಗದ ಓದಿ ಹೇಳಿ, ಕೊನೆಗೆ ಹೇಳಿಯೇಬಿಟ್ಟರು. "ನಾವು ಒಳಗಿನೋರಿಗೂ ಮಾಡಿಸು ಅಂತ ಹೇಳಿದ್ವಿ. ಅವರೇ ಬ್ಯಾಡ ಅಂದ್ರು."

ಚಿಕ್ಕಪ್ಪ ಎದ್ದು ಮಾಸ್ಟ್ರ ಅಂಗಿ ಹಿಡಿದ. "ನಾಕು ಕಾಸು ಉಳ್ಸಾಕ ಬ್ಯಾಡ ಅಂದ್ಯೇನೋ? ನಮ್ಮ ಹುಡುಗಿ ಕಾಲು ನಿನಗ ಅಷ್ಟು ಅಗ್ಗ ಆತೇನೋ?"

ಮಾಸ್ಟ್ರು ಅಂಗಿ ಬಿಡಿಸಿಕೊಳ್ಳಲಿಲ್ಲ. ತಿರುಗಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಒಂದು ಕಾಗದ ಮುಂದಿಟ್ಟು, ಇದರಲ್ಲಿ ಏನಿದೆ ಓದಿ ಹೇಳಮ್ಮ ಎಂದು ಕೇಳುವಾಗ ಹೇಗೆ ನೋಡುತ್ತಿದ್ದರೋ ಹಾಗೇ ನೋಡಿದರು. ನಾನು ಕಣ್ಣು ತಗ್ಗಿಸಿ ಎರಡು ಹಾಳೆಗಳ ನಡುವೆ ಕಾರ್ಬನ್ ಇಡತೊಡಗಿದೆ. ಟೈಪ್ ಮಾಡುವುದು ಏನೂ ಇರಲಿಲ್ಲ. ಅಂಚು ಸರಿಮಾಡಿದೆ, ಮತ್ತೆ ತೆಗೆದೆ, ಮತ್ತೆ ಇಟ್ಟೆ...

"ಸಹಿ ನಂದೇ" ಎಂದರು ಮಾಸ್ಟ್ರು. "ಹುಡುಗಿ ಜವಾಬ್ದಾರಿ ನಂದು."

ಅಷ್ಟೇ. ನನ್ನ ಹೆಸರು ಅವರ ಬಾಯಿಂದ ಬರಲಿಲ್ಲ. ಆಸ್ಪತ್ರೆಯಲ್ಲಿ ಅವರು ಆಡಿದ್ದ ಮಾತನ್ನು ಚಿಕ್ಕಮ್ಮ ಮರೆತಿದ್ದಳೋ, ಮನೆ ಹುಡುಗಿ ಎಂದು ಸುಮ್ಮನಾದಳೋ, ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅವತ್ತು ಸಂಜೆ ನಮ್ಮವ್ವ "ಎಂಥಾ ಮನಷ್ಯಾನ ಪಕ್ಕ ಇದ್ವಿ ನೋಡು" ಎಂದು ಪಕ್ಕದ ಮನೆಗೆ ರೊಟ್ಟಿ ಕೊಡುವುದನ್ನು ನಿಲ್ಲಿಸಿದಳು. ಆ ರೊಟ್ಟಿಯನ್ನು ನಾನು ತಿಂದೆ.

ಮಾಸ್ಟ್ರು ವ್ಯಾನ್ ಮಾರಿದರು, ಮನೆಯಲ್ಲಿದ್ದ ಹೊಲಿಗೆ ಮಿಷನ್ ಮಾರಿದರು, ಸುಂಕಮ್ಮನ ಎರಡನೇ ಆಪರೇಷನ್ ಮಾಡಿಸಿದರು. ಓಣಿಯಲ್ಲಿ ಅವರಿಗೆ ಹೊಸ ಹೆಸರು ಬಿದ್ದಿತ್ತು, ಬ್ಯಾಡಂದ ಮಾಸ್ಟ್ರು ಎಂದು. ಮಕ್ಕಳು ಕೂಡ ಹಾಗೇ ಅನ್ನುತ್ತಿದ್ದವು. ಆಮೇಲೆ ಒಂದು ದಿನ ಅವರು ಚಿಕ್ಕಪ್ಪನ ಊರಿಗೆ ಹೋಗಿ ಅಂಗಳದಲ್ಲಿ ನಿಂತು ಕೇಳಿದರಂತೆ: ಹುಡುಗಿ ಕೂತು ಹೊಲಿಯಲಾರಳು, ಆದರೆ ನಿಲ್ಲಬಲ್ಲಳು. ಕಟಿಂಗ್ ನಿಂತು ಮಾಡುವ ಕೆಲಸ. ಕಲಿಸುತ್ತೇನೆ, ಕಳಿಸಿ. ಆ ಕಾಲದಲ್ಲಿ ಕಟಿಂಗ್ ಟೇಬಲ್ಲಿನ ಹತ್ತಿರ ಹೆಂಗಸರನ್ನು ನಾವು ಕಂಡಿರಲಿಲ್ಲ. ಚಿಕ್ಕಪ್ಪ ಅವರನ್ನು ಒಳಗೆ ಕರೆಯಲಿಲ್ಲ, ನೀರು ಕೊಡಲಿಲ್ಲ. ಆದರೆ ಮನೆಯ ಕಷ್ಟಕ್ಕೆ ಸುಂಕಮ್ಮ ಹೋದಳು. ಎರಡು ವರ್ಷ ಅವರ ಎದುರಿಗೇ ನಿಂತು ಕಲಿತಳು. "ಮಾಡಿದ ತಪ್ಪು ತೊಳಕೊಳ್ಳಾಕ ಕಲಿಸ್ತಾನ, ಕಲಿಸ್ಲಿ" ಎಂದು ನನ್ನ ಮುಂದೆಯೇ ಹೇಳಿದ್ದಳು. ಕೆಲಸದ ಮಾತು ಬಿಟ್ಟರೆ ಅವರ ಹತ್ತಿರ ಒಂದು ಮಾತೂ ಆಡುತ್ತಿರಲಿಲ್ಲವಂತೆ.

ನಾನು ಒಂದು ಸಲ ಹೇಳಲು ಹೋಗಿದ್ದೆ. ನನ್ನ ಮದುವೆಯ ಪತ್ರ ಕೊಡುವ ನೆವದಲ್ಲಿ. ಮಾಸ್ಟ್ರು ಜಗಲಿಯ ಮೇಲೆ ದಪ್ಪ ಕಾಗದ ಹಾಸಿ ಅಳತೆ ಗುರುತು ಹಾಕುತ್ತಿದ್ದರು. ಪತ್ರ ತೆಗೆದುಕೊಂಡು "ಸಂತೋಷ ಕಣಮ್ಮ" ಎಂದರು. ಆಫೀಸರಮ್ಮ ಎನ್ನಲಿಲ್ಲ.

"ಮಾಸ್ಟ್ರ, ಅವತ್ತು..." ಎಂದೆ.

"ನಿಂಗೆ ಗೊತ್ತಿರ್ಲಿಲ್ಲ ಅಂತ ನಂಗೆ ಗೊತ್ತು" ಎಂದರು. "ಗೊತ್ತಿಲ್ದಿದ್ದು ತಪ್ಪಲ್ಲ."

ಸೀಮೆಸುಣ್ಣ ಕೈಯಲ್ಲೇ ಇತ್ತು, ಗೀಟು ಎಳೆಯಲಿಲ್ಲ. ನಾನು ಇನ್ನೂ ಏನೋ ಹೇಳುವುದಿದೆ ಎಂದು ಕಾದರು. ನನಗೂ ಗೊತ್ತಿತ್ತು, ಏನು ಹೇಳಬೇಕೆಂದು. ಕಾರ್ಬನ್ ಹಾಳೆಯ ಬಗ್ಗೆ. ಕಣ್ಣು ತಗ್ಗಿಸಿದ್ದರ ಬಗ್ಗೆ. ಹೇಳಿದರೆ ಚಿಕ್ಕಪ್ಪನಿಗೆ ಹೇಳಬೇಕು, ಅವ್ವನಿಗೆ ಹೇಳಬೇಕು, ಗಂಡಿನ ಕಡೆಯವರಿಗೆ ತಿಳಿಯುತ್ತದೆ... "ಬರ್ತೀನ್ರಿ" ಎಂದು ಎದ್ದುಬಿಟ್ಟೆ.

ಮದುವೆಯಾಗಿ ಬಳ್ಳಾರಿಗೆ ಹೋದೆ. ಮಾರನೆಯ ವರ್ಷ ಮಾಸ್ಟ್ರು ತಮ್ಮ ಟೇಬಲ್ಲನ್ನು ಸುಂಕಮ್ಮನಿಗೆ ಬಿಟ್ಟು, ಮಾಲೀಕರಿಗೆ ಒಪ್ಪಿಸಿ, ಹೆಂಡತಿಯ ಜೊತೆ ಮಡಕಶಿರಾ ಕಡೆ ವಾಪಸು ಹೋದರೆಂದು ಕೇಳಿದೆ.

ಇನ್ಶೂರೆನ್ಸ್ ಕೆಲಸವನ್ನು ನಾನು ಬಳ್ಳಾರಿಯಲ್ಲೂ ಬಿಡಲಿಲ್ಲ. ಪಾಲಿಸಿಯ ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ಸಾಲು ಸಾಲಾಗಿ ಓದಿದೆ. ಮುಂದೆ ನಾನೇ ಏಜೆಂಟ್ ಆದೆ. ನನ್ನ ಹತ್ತಿರ ಗಾಡಿಯ ಕಾಗದ ತಂದವರನ್ನು ಇವತ್ತಿಗೂ ಮೊದಲು ಕೇಳುವುದು, ಒಳಗೆ ಯಾರು ಕೂರುತ್ತಾರೆ ಎಂದು. ಕಾಯಿದೆ ಬೇಕು ಅನ್ನುವುದು ಯಾವುದು, ಅದು ಯಾರಿಗೆ, ಗಾಡಿಯ ಜಖಂಗೆ ಯಾವುದು, ಓಡಿಸುವವರಿಗೆ ಯಾವುದು, ಕೂತವರಿಗೆ ಯಾವುದು, ಅದನ್ನು ತಾವಾಗಿ ಕೇಳಿ ಬರೆಸಬೇಕು ಎಂದು ಬಿಡಿಸಿ ಹೇಳುತ್ತೇನೆ. "ಎಷ್ಟು ಚೆಂದ ಹೇಳ್ತೀರಿ ಮೇಡಂ" ಎನ್ನುತ್ತಾರೆ. ತಿಳಿಯದ್ದನ್ನು ಗೊತ್ತಿಲ್ಲ ಎನ್ನುವುದನ್ನೂ ಕಲಿತೆ. ಆದರೆ ರಾಯದುರ್ಗಕ್ಕೆ ಹೋದಾಗಲೆಲ್ಲ ಸುಂಕಮ್ಮನ ಮನೆಯಲ್ಲಿ ಉಂಡು, ಮಾತಾಡಿ, ಆ ಒಂದು ಮಾತನ್ನು ಬಿಟ್ಟು ಬರುತ್ತಿದ್ದೆ. ಇಪ್ಪತ್ತು ವರ್ಷ.

ಹೋದ ತಿಂಗಳು ಆ ಬಸ್ಸಿನಿಂದ ಇಳಿದವಳು ನೇರ ಅವಳ ಹತ್ತಿರವೇ ಹೋದೆ. ಸುಂಕಮ್ಮನದು ಈಗ ಸ್ವಂತ ಶೆಡ್ಡು. ಹತ್ತು ಮಿಷನ್ನು, ನಡುವೆ ಉದ್ದ ಟೇಬಲ್ಲು. ಅವಳು ನೆಟ್ಟಗಿನ ಕಾಲನ್ನು ಸ್ವಲ್ಪ ಹಿಂದಿಟ್ಟು, ಟೇಬಲ್ಲಿಗೆ ಸೊಂಟ ಆನಿಸಿ ನಿಂತು ಗುರುತು ಹಾಕುತ್ತಿದ್ದಳು. ಕುರ್ಚಿ ತರಿಸಿದಳು. ನಾನು ಕೂರಲಿಲ್ಲ. ಎಲ್ಲವನ್ನೂ ಹೇಳಿದೆ. ಚೌಕದಲ್ಲಿ ಎಳೆದ ಗೀಟು, ಏಜೆಂಟರ ಮಾತು, ನಾನು ಸುಮ್ಮನಿದ್ದದ್ದು.

ಅವಳು ಸೀಮೆಸುಣ್ಣ ಕೆಳಗಿಟ್ಟಳು.

"ಹೋದ ವರ್ಷ ಮಡಕಶಿರಾ ಕಡಿಂದ ಒಬ್ರು ಬಂದಿದ್ರಕ್ಕ" ಎಂದಳು. "ಮಾಸ್ಟ್ರಿಗೆ ಭಾಳ ಆರಾಮಿಲ್ಲ, ನಿನ್ನ ಒಮ್ಮೆ ನೋಡಬೇಕಂತಾರ ಅಂದ್ರು. ನಾ ಹೋಗ್ಲಿಲ್ಲ. ಕಾಲು ಬಾಗಂಗಿಲ್ಲ, ಬಸ್ಸಿನಾಗ ಕುಂದ್ರಾಕ ಆಗಂಗಿಲ್ಲ ಅಂತ ಹೇಳಿ ಕಳಿಸ್ದೆ. ವಾರಕ್ಕೊಮ್ಮೆ ಬಳ್ಳಾರಿಗೆ ಬಸ್ಸಿನಾಗ ಹೋಗಿ ಬರ್ತೀನಿ ನಾನು. ಬೇಕಂತನ ಹಂಗ ಅಂದೆ. ಆ ಕಾಲಿನ ಮಾತು ಅವರಿಗೆ ಚುಚ್ಚಲಿ ಅಂತ."

ನಾನು ಕೈಚೀಲ ಎತ್ತಿಕೊಂಡೆ. "ಈಗ ಹೋಗೋಣ ನಡಿ" ಎಂದೆ.

"ಎಲ್ಲಿಗೆ ಹೋಗ್ತಿ? ಅದಾದ ತಿಂಗಳೊಳಗ ಹೋಗ್ಬಿಟ್ರಂತ."

ಮಿಷನ್ನುಗಳು ಓಡುತ್ತಲೇ ಇದ್ದವು. ಸುಂಕಮ್ಮ ತನ್ನ ಅಂಗೈಗೆ ಹತ್ತಿದ ಸುಣ್ಣವನ್ನು ಸೆರಗಿಗೆ ಒರೆಸಿದಳು. ಒರೆಸುತ್ತಲೇ ಇದ್ದಳು. ಆಮೇಲೆ ಗೋಡೆಯ ಹತ್ತಿರ ಹೋಗಿ ಮೇನ್ ಸ್ವಿಚ್ ಆರಿಸಿದಳು. ಒಮ್ಮೆಲೇ ಸದ್ದು ನಿಂತಿತು. ಎಲ್ಲರೂ ತಲೆ ಎತ್ತಿದರು.

"ಅವತ್ತು ಮಂದಿ ಮುಂದ ಸುಮ್ಮನಿದ್ದಿ. ಇವತ್ತು ಮಂದಿ ಮುಂದ ಹೇಳು" ಎಂದಳು. "ನನಗ ಹೇಳಿದಂಗ. ಎಲ್ಲಾ."

ಹೇಳಿದೆ. ನಿಂತುಕೊಂಡು, ಮೊದಲಿನಿಂದ. ನನ್ನ ದನಿ ತಗಡಿನ ಚಾವಣಿಗೆ ಬಡಿದು ನನಗೇ ಕೇಳುತ್ತಿತ್ತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಚಿಕ್ಕ ಹುಡುಗಿಯರು, ಮಾಸ್ಟ್ರನ್ನು ಕಂಡೇ ಇಲ್ಲದವರು, ಯಾರ ಕಥೆಯೋ ಎಂಬಂತೆ ಕೇಳಿದರು. ಮೂಲೆಯಲ್ಲಿ ದಾರ ಕತ್ತರಿಸುತ್ತಿದ್ದ ಒಬ್ಬ ನಡುವಯಸ್ಸಿನ ಹೆಂಗಸು ಮಾತ್ರ ಕತ್ತರಿ ಕೆಳಗಿಟ್ಟು ಬಾಯಿಗೆ ಸೆರಗು ಹಿಡಿದಳು. ಅವಳೂ ಅವತ್ತು ಆ ವ್ಯಾನಿನೊಳಗೆ ಕೂತಿದ್ದವಳು.

ನಾನು ಮುಗಿಸಿದ ಮೇಲೂ ಸುಂಕಮ್ಮ ಸ್ವಿಚ್ ಹಾಕಲಿಲ್ಲ. ಇಷ್ಟು ಮಂದಿ ಕೇಳಿದರು. ಕೇಳಬೇಕಾಗಿದ್ದ ಒಬ್ಬರು ಕೇಳಲಿಲ್ಲ.